ವಿಂಡೋಸ್ 98ರಲ್ಲಿ ಸಾಕೆಟ್: ಲಾರಿ ಸಂಖ್ಯೆ, ತೂಕ ಎರಡೂ ಅಂಟಿಕೊಂಡು ಬರುತ್ತಿವೆ

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ವೇಬ್ರಿಜ್ ಕೋಣೆಯಲ್ಲೂ ಬಿಲ್ ಕೋಣೆಯಲ್ಲೂ ವಿಂಡೋಸ್ 98 ಕಂಪ್ಯೂಟರ್‌ಗಳಿವೆ. ವಿಬಿ 6ರ (ವಿಷುಯಲ್ ಬೇಸಿಕ್) ವಿನ್‌ಸಾಕ್ ಕಂಟ್ರೋಲ್ (ಕಂಪ್ಯೂಟರ್‌ಗಳ ನಡುವೆ ಸಾಕೆಟ್ ಎಂಬ ಸಂಪರ್ಕ ಕಟ್ಟಿ ಮಾಹಿತಿ ಕಳುಹಿಸುವ ಭಾಗ) ಬಳಸಿ ಲಾರಿ ಸಂಖ್ಯೆ, ತೂಕ ಎರಡನ್ನೂ ಬೇರೆ ಬೇರೆಯಾಗಿ ಕಳುಹಿಸುತ್ತೇನೆ. ಒಂದೇ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿದಾಗ ಸರಿಯಿತ್ತು. ಈಗ ಒಮ್ಮೊಮ್ಮೆ ಎರಡೂ ಅಂಟಿಕೊಂಡು ಬರುತ್ತವೆ, ಕೊನೆಯ ತೂಕ ಬರುವುದೇ ಇಲ್ಲ. ಕೇಬಲ್ ಬದಲಿಸಿಯೂ ನೋಡಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ಕೇಬಲ್‌ನ ತಪ್ಪಲ್ಲ ಸರ್. ಇದೇ ತೊಂದರೆಯ ಹಿಂದೆ ನಾನು ಮೂರು ವಾರ ಅಲೆದಿದ್ದೇನೆ. ಕಾಲುವೆಗೆ ಎರಡು ಕೊಡ ನೀರು ಸುರಿದರೆ ಕೆಳಗಿನ ಗದ್ದೆಗೆ ಕೊಡದ ಲೆಕ್ಕ ತಿಳಿಯುವುದಿಲ್ಲ. ಸಾಕೆಟ್‌ನಲ್ಲಿ ಮಾಹಿತಿ ಸಾಗಿಸುವ ಟಿಸಿಪಿ ಎಂಬ ವಿಧಾನವೂ ಹಾಗೆಯೇ. ಬೈಟ್‌ಗಳು ಕಳುಹಿಸಿದ ಕ್ರಮದಲ್ಲೇ ತಲುಪುತ್ತವೆ, ಆದರೆ ಎರಡು ಸೆಂಡ್‌ಡೇಟಾಕ್ಕೆ (ಕಳುಹಿಸುವ ಆದೇಶ) ಎರಡೇ ಡೇಟಾಅರೈವಲ್ (ಮಾಹಿತಿ ಬಂತೆಂಬ ಸೂಚನೆ) ಆಗಬೇಕೆಂಬ ನಿಯಮವಿಲ್ಲ. ಒಂದೇ ಸಲ ಬರಬಹುದು, ತುಂಡಾಗಿ ಮೂರು ಸಲವೂ ಬರಬಹುದು. ಸಣ್ಣ ಸಣ್ಣ ತುಣುಕುಗಳನ್ನು ಕೂಡಿಸಿ ಕಳುಹಿಸುವ ನೇಗಲ್ ವಿಧಾನವೂ ಇದಕ್ಕೊಂದು ಕಾರಣ.

ಸಂಖ್ಯೆ, ತೂಕ ಎರಡನ್ನೂ ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಜೋಡಿಸಿ, ಕೊನೆಗೆ ಹೊಸ ಸಾಲಿನ ಗುರುತು ಸೇರಿಸಿ. ಬಿಲ್ ಕೋಣೆಯಲ್ಲಿ ಬಂದದ್ದನ್ನೆಲ್ಲ ಒಂದು ವೇರಿಯಬಲ್‌ಗೆ ಕೂಡಿಸುತ್ತಾ ಹೋಗಿ. ಆ ಗುರುತು ಸಿಕ್ಕಷ್ಟು ಸಲವೂ ಅಲ್ಲಿಯವರೆಗಿನದನ್ನು ಕತ್ತರಿಸಿ ಬಳಸಿ, ಉಳಿದ ಅರ್ಧ ಸಾಲನ್ನು ಮುಂದಿನ ಸಲಕ್ಕೆ ಹಾಗೆಯೇ ಬಿಡಿ. ಅಂಟಿಕೊಂಡ ಸಾಲು ಬಿಲ್‌ಗೆ ಹೋದರೆ ರೈತನ ದುಡ್ಡಿನ ಲೆಕ್ಕವೇ ತಪ್ಪುತ್ತದೆ, ಆದ್ದರಿಂದ ಇದನ್ನು ಇಂದೇ ಸರಿಪಡಿಸಿ.

ಕೊನೆಯ ತೂಕ ಬಾರದಿರುವುದು ಬೇರೆ ವಿಷಯ. ಸೆಂಡ್‌ಡೇಟಾ ಆದ ಕೂಡಲೇ ಸಂಪರ್ಕವನ್ನು ಕ್ಲೋಸ್ ಮಾಡುತ್ತಿದ್ದೀರಾ? ಹಾಗೆ ಮಾಡಿದರೆ ಹೊರಡದೆ ಉಳಿದ ಬೈಟ್‌ಗಳು ಕಳೆದುಹೋಗುತ್ತವೆ. ಸೆಂಡ್‌ಕಂಪ್ಲೀಟ್ (ಕಳುಹಿಸಿ ಮುಗಿಯಿತೆಂಬ ಸೂಚನೆ) ಬರುವವರೆಗೆ ಕಾಯಿರಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ನಾನು ವಿಂಡೋಸ್ 95ರಲ್ಲಿ ಸಿ ಭಾಷೆಯಲ್ಲಿ ಬರೆಯುತ್ತಿದ್ದೆ. ಮೂಲ 95ರೊಂದಿಗೆ ಬಂದದ್ದು ವಿನ್‌ಸಾಕ್ 1.1, ವಿನ್‌ಸಾಕ್ 2 ಬಂದದ್ದು 98ರೊಂದಿಗೆ. ಎರಡರಲ್ಲೂ ಓಡಬೇಕಾದರೆ ವಿನ್‌ಸಾಕ್ ಶುರುಮಾಡುವ ಡಬ್ಲ್ಯುಎಸ್‌ಎಸ್ಟಾರ್ಟಪ್‌ನಲ್ಲಿ 1.1ನ್ನೇ ಕೇಳಿ. ದೋಷಸಂಖ್ಯೆ 10061 ಬಂದರೆ ಆಚೆ ಕಡೆ ಆ ಪೋರ್ಟ್‌ನಲ್ಲಿ (ಸಂಪರ್ಕಕ್ಕೆಂದು ಸಂಖ್ಯೆ ಹಾಕಿದ ಬಾಗಿಲು) ಯಾರೂ ಕಿವಿಗೊಟ್ಟಿಲ್ಲ ಎಂದರ್ಥ. 10048 ಬಂದರೆ ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ. ಹಳೆಯ ಪ್ರೋಗ್ರಾಂ ಇನ್ನೂ ಓಡುತ್ತಿದೆಯೇ ನೋಡಿ. 10035 ಮಾತ್ರ ನಿಜವಾದ ದೋಷವಲ್ಲ, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಿ ಎಂಬ ಸೂಚನೆ. ಅದನ್ನು ಕಂಡು ಸಂಪರ್ಕ ಕಡಿದುಹಾಕುವ ಪ್ರೋಗ್ರಾಂಗಳನ್ನು ಬಹಳ ನೋಡಿದ್ದೇನೆ.

ಉತ್ತರ 3: ಪರೀಕ್ಷೆಗೆ ಲಾರಿ ಬರುವವರೆಗೆ ಕಾಯಬೇಡಿ. 98ರಲ್ಲಿರುವ ಟೆಲ್ನೆಟ್‌ನಿಂದ (ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರ್‌ಗೆ ಕಳುಹಿಸುವ ಪ್ರೋಗ್ರಾಂ) ಬಿಲ್ ಕಂಪ್ಯೂಟರ್‌ನ ಪೋರ್ಟ್‌ಗೆ ಸೇರಿ, ಸಾಲನ್ನು ಕೈಯಿಂದಲೇ ಟೈಪ್ ಮಾಡಿ. ಅಕ್ಷರಗಳು ಒಂದೊಂದಾಗಿ ತಲುಪಿದರೂ ನಿಮ್ಮ ಪ್ರೋಗ್ರಾಂ ಪೂರ್ತಿ ಸಾಲಿಗೆ ಕಾದರೆ, ಕೂಡಿಸುವ ಕೆಲಸ ಸರಿಯಾಗಿದೆ.