ಸಹಾಯ ಬೇಕು: ಕೇಂದ್ರ ಸರ್ಕಾರದ ವಿತ್ತೀಯ ಕೊರತೆಯ ತಿಂಗಳವಾರು ಲೆಕ್ಕ

ಸದಸ್ಯರೆಲ್ಲರಿಗೂ ನಮಸ್ಕಾರ. ಕೇಂದ್ರ ಸರ್ಕಾರದ ಆದಾಯ, ವೆಚ್ಚ ಮತ್ತು ವಿತ್ತೀಯ ಕೊರತೆಯನ್ನು (ಸಾಲ ಬಿಟ್ಟು ಉಳಿದ ಆದಾಯಕ್ಕಿಂತ ವೆಚ್ಚ ಎಷ್ಟು ಹೆಚ್ಚು ಎಂಬುದನ್ನು) ತಿಂಗಳವಾರು ಪಟ್ಟಿ ಮಾಡುತ್ತಿದ್ದೇನೆ. ಲೆಕ್ಕಪತ್ರಗಳ ಮಹಾನಿಯಂತ್ರಕರ ಕಚೇರಿಯ ಮಾಸಿಕ ವರದಿಯೇ ಆಧಾರ. ಅದರ ಅಂಕಿಗಳು ಏಪ್ರಿಲ್‌ನಿಂದ ಕೂಡುತ್ತ ಹೋಗುವುದರಿಂದ, ಹಿಂದಿನ ತಿಂಗಳವರೆಗಿನ ಮೊತ್ತವನ್ನು ಕಳೆದರೆ ಆಯಾ ತಿಂಗಳ ಲೆಕ್ಕ ಸಿಗುತ್ತದೆ.

ತೊಡಕು ಅದರ ನಂತರದ್ದು: ಆದಾಯ ಎಲ್ಲ ತಿಂಗಳು ಸಮನಾಗಿ ಬರುವುದಿಲ್ಲ. ಮುಂಗಡ ತೆರಿಗೆಯ ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳಲ್ಲಿ ಬರುತ್ತವೆ. ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವರ್ಗಾಯಿಸುವ ಹೆಚ್ಚುವರಿ ಹಣ ಒಮ್ಮೆಲೇ ಜಮೆಯಾಗುತ್ತದೆ. ರಾಜ್ಯಗಳ ತೆರಿಗೆ ಪಾಲಿನ ಎರಡು ಕಂತುಗಳನ್ನು ಕೆಲವೊಮ್ಮೆ ಒಂದೇ ತಿಂಗಳಲ್ಲಿ ಬಿಡುಗಡೆ ಮಾಡಿದಾಗ ಕೇಂದ್ರದ ನಿವ್ವಳ ಆದಾಯ ಆ ತಿಂಗಳ ಮಟ್ಟಿಗೆ ಕುಸಿದಂತೆ ಕಾಣುತ್ತದೆ. ಹೀಗಾಗಿ 'ಕೊರತೆ ಬಜೆಟ್ ಅಂದಾಜಿನ ಇಷ್ಟು ಶೇಕಡಾ ತಲುಪಿತು' ಎಂಬ ಪತ್ರಿಕಾ ಶೀರ್ಷಿಕೆಗಳಿಂದ ನನಗಂತೂ ಹೆಚ್ಚೇನೂ ತಿಳಿಯುವುದಿಲ್ಲ. ಹಿಂದಿನ 12 ತಿಂಗಳ ಮೊತ್ತವನ್ನು ಪ್ರತಿ ತಿಂಗಳು ಮುಂದಕ್ಕೆ ಸರಿಸುತ್ತ ನೋಡುವುದು ಸಾಕೇ, ಅಥವಾ ಋತುಮಾನದ ಏರಿಳಿತವನ್ನು (ಪ್ರತಿ ವರ್ಷ ಅದೇ ತಿಂಗಳುಗಳಲ್ಲಿ ಮರುಕಳಿಸುವುದನ್ನು) ಪ್ರತ್ಯೇಕವಾಗಿ ತೆಗೆಯಬೇಕೇ?

ಇನ್ನೊಂದು ಪ್ರಶ್ನೆ ಹೆಚ್ಚು ಕಠಿಣವಾದುದು. ಆಹಾರ ಸಬ್ಸಿಡಿಯ ಒಂದು ಭಾಗವನ್ನು ಭಾರತೀಯ ಆಹಾರ ನಿಗಮವು ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ (ಅಂಚೆ ಉಳಿತಾಯದಂಥ ಯೋಜನೆಗಳ ಹಣ ಸೇರುವ ನಿಧಿ) ಸಾಲವಾಗಿ ಪಡೆಯುತ್ತಿದ್ದ ವರ್ಷಗಳಲ್ಲಿ ಆ ಹೊರೆ ಬಜೆಟ್ಟಿನ ಕೊರತೆಯಲ್ಲಿ ಸೇರುತ್ತಿರಲಿಲ್ಲ. 2020-21ರಲ್ಲಿ ಆ ಬಾಕಿಯನ್ನು ಬಜೆಟ್ಟಿನೊಳಗೆ ತಂದಾಗ ವೆಚ್ಚ ಹಠಾತ್ತನೆ ಏರಿತು. ಸಾಂಕ್ರಾಮಿಕದ ವೆಚ್ಚವೂ ಅದೇ ವರ್ಷದ್ದಾದ್ದರಿಂದ ಎರಡನ್ನೂ ಬೇರ್ಪಡಿಸದೆ ಬೇರೆ ವರ್ಷಗಳೊಂದಿಗೆ ಹೋಲಿಸುವುದು ಸರಿಯಲ್ಲ ಎನಿಸುತ್ತದೆ. ಆ ಸಾಲವನ್ನು ಹಿಂದಿನ ವರ್ಷಗಳಿಗೆ ಹಂಚಿ ಸರಣಿಯನ್ನು ಪರಿಷ್ಕರಿಸಿದವರು ಇದ್ದರೆ, ಬಳಸಿದ ವಿಧಾನವನ್ನು ದಯವಿಟ್ಟು ತಿಳಿಸಿ. ಸರ್ಕಾರ ತನ್ನ ಕಂಪನಿಗಳ ಷೇರುಗಳನ್ನು ಮಾರಿ ಪಡೆಯುವ ಹಣವನ್ನು ಕೊರತೆಯ ಲೆಕ್ಕದಿಂದ ಹೊರಗಿಡಬೇಕೇ ಎಂಬುದರ ಬಗ್ಗೆಯೂ ಅಭಿಪ್ರಾಯ ಬೇಕು.