ಸಂಪ್‌ಗೆ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಬೀಳುತ್ತವೆ. ನಾವು ಕುಡಿಯುತ್ತಿರುವುದು ಎಂಥ ನೀರು?

ಪ್ರಶ್ನೆ: ನಮಸ್ತೆ ಸರ್. ನಾವು ತೀರ್ಥಹಳ್ಳಿ ಕಡೆಯವರು. ಎಂಟು ತಿಂಗಳ ಹಿಂದೆ ಬೆಂಗಳೂರಿಗೆ ಬಂದು ವೈಟ್‌ಫೀಲ್ಡ್ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ತುಂಗೆಯ ನೀರು ಕುಡಿದು ಬೆಳೆದವರಿಗೆ ಇಲ್ಲಿಯ ನೀರು ಹೊಂದುತ್ತಲೇ ಇಲ್ಲ. ಬಕೆಟ್ಟಿನ ಒಳಗೆಲ್ಲ ಬಿಳಿ ಪದರ. ತೊಗರಿಬೇಳೆ ಐದು ಕೂಗು ಕೂಗಿಸಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಗೀಸರ್ ಕಾಯಿಲ್ ಆಗಲೇ ಒಮ್ಮೆ ಸುಟ್ಟಿದೆ. ಮೊನ್ನೆ ಫಿಲ್ಟರ್ ಮಾರುವವರೊಬ್ಬರು ಬಂದು ಮೀಟರ್ ಅದ್ದಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 780 ಎಂದರು. ಆಮೇಲೆ ಎರಡು ಲೋಟ ನೀರಿಗೆ ಕರೆಂಟಿನ ಕಡ್ಡಿ ಇಳಿಬಿಟ್ಟರು. ನಮ್ಮ ನಲ್ಲಿ ನೀರು ಎರಡೇ ನಿಮಿಷಕ್ಕೆ ಕೆಂಪು ಕೆಸರಾಯಿತು, ಅವರು ತಂದ ನೀರು ತಿಳಿಯಾಗೇ ಇತ್ತು. ಅತ್ತೆ ಹೆದರಿಬಿಟ್ಟಿದ್ದಾರೆ. ಮನೆಯಲ್ಲಿ ಐದು ತಿಂಗಳ ಮಗುವಿದೆ. ಇಡೀ ಮನೆಗೆ ಲವಣ ಸೋಸುವ ಆರ್‌ಒ ಫಿಲ್ಟರ್ ಹಾಕಿಸಬೇಕಾ?

ಉತ್ತರ: ಬೇಡ ಮೇಡಂ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೊದಲು ಅತ್ತೆಯವರ ಹೆದರಿಕೆ ಹೋಗಲಿ. ಆ ಕೆಸರು ನಿಮ್ಮ ನೀರಿನದಲ್ಲ, ಆ ಕಬ್ಬಿಣದ ಕಡ್ಡಿಯದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ನೀರಿಗಿಳಿಯುತ್ತದೆ. ಅವರು ತಂದಂಥ ಆರ್‌ಒ ನೀರಿನಲ್ಲಿ ಲವಣ ತೀರಾ ಕಮ್ಮಿ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅವರು ಮತ್ತೆ ಬಂದರೆ ಅವರದೇ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಡ್ಡಿ ಇಳಿಸಲು ಹೇಳಿ. ಅದೂ ಕೆಂಪಾಗುತ್ತದೆ. ಮಗುವಿರುವ ಮನೆಯಲ್ಲಿ ಹೀಗೆ ಹೆದರಿಸುವುದು ನನಗೆ ನಿಜವಾಗಿಯೂ ಬೇಜಾರು ತರಿಸುತ್ತದೆ.

ಆ 780ರ ವಿಷಯ. ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 2000ವರೆಗೂ ಒಪ್ಪುತ್ತಾರೆ. ಗಡಸಿಗೆ, ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ, ಈ ಮಿತಿಗಳು 200 ಮತ್ತು 600. ಆದರೆ ಆ ಮೀಟರ್ ಗಡಸನ್ನು ಅಳೆಯುವುದೇ ಇಲ್ಲ. ಎಲ್ಲ ಲವಣವನ್ನೂ ಸೇರಿಸಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ನೀರಿನಲ್ಲಿ ರೋಗಾಣು ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಚರಂಡಿ ನೀರು ಸೇರಿದ್ದೂ 300 ತೋರಿಸಬಹುದು.

ನಿಮ್ಮ ಬಿಳಿ ಪದರ, ಬೇಯದ ಬೇಳೆ, ಸುಟ್ಟ ಕಾಯಿಲ್ ಮೂರಕ್ಕೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರಣ. ಕಾವೇರಿ ನೀರು ನದಿಯದು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಅಲ್ಲಿಂದ ಹೆಚ್ಚುಕಮ್ಮಿ 500 ಮೀಟರ್ ಮೇಲಕ್ಕೆ ಪಂಪಾಗಿ ಬರುತ್ತದೆ. ಅದು ಅಷ್ಟು ಗಡಸಲ್ಲ. ಬೋರ್ ನೀರು ಹಾಗಲ್ಲ, ಕಲ್ಲಿನ ಬಿರುಕಿನಲ್ಲಿ ಎಷ್ಟೋ ಕಾಲ ನಿಂತು ಲವಣ ಕರಗಿಸಿಕೊಂಡೇ ಮೇಲೆ ಬರುತ್ತದೆ. ಟ್ಯಾಂಕರಿನದೂ ಬಹುಪಾಲು ಬೋರ್ ನೀರೇ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕೆಲಸ ನಡೆದಿದೆ. ಆದರೆ ಒಂದೇ ಸಂಪ್‌ನಲ್ಲಿ ಮೂರನ್ನೂ ಬೆರೆಸಿದರೆ ಒಳ್ಳೆಯ ನೀರಿನ ಗುಣವೂ ಹೋಯಿತು, ಅಲ್ವಾ? ಕಾವೇರಿಗೆ ಬೇರೆ ಟ್ಯಾಂಕ್, ಅಡುಗೆಮನೆಗೆ ಬೇರೆ ಪೈಪ್ ಕೇಳಿ. ಅಸೋಸಿಯೇಷನ್ ಸಭೆಯಲ್ಲಿ ನಿಮ್ಮ ಜೊತೆ ಇನ್ನೂ ನಾಲ್ಕು ಮನೆಯವರು ಕೇಳಿದರೆ ಆಗುವ ಕೆಲಸ ಇದು.

ಗಡಸು ನೀರು ಕುಡಿದರೆ ಗಾಬರಿ ಪಡುವಂಥದ್ದೇನೂ ಇಲ್ಲ. ನನಗೆ ಚಿಂತೆ ಮಗುವಿನದು. ನಗರದ ಬೋರ್‌ಗಳಿಗೆ ಚರಂಡಿ, ಶೌಚಗುಂಡಿಯಿಂದ ಇಂಗಿದ ನೈಟ್ರೇಟ್ ಸೇರಿರಬಹುದು. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಪುಟ್ಟ ಮಕ್ಕಳಲ್ಲಿ ಅದು ರಕ್ತ ಆಮ್ಲಜನಕ ಒಯ್ಯುವುದಕ್ಕೇ ಅಡ್ಡಿ ಮಾಡುತ್ತದೆ. ಎದೆಹಾಲು ಮಾತ್ರ ಕೊಡುತ್ತಿದ್ದರೆ ಈ ವಯಸ್ಸಿಗೆ ಬೇರೆ ನೀರೇ ಬೇಡ. ಪುಡಿಹಾಲು ಕಲಸುತ್ತಿದ್ದರೆ ನೈಟ್ರೇಟ್ ವರದಿ ಬರುವವರೆಗೂ ಈ ಸಂಪ್ ನೀರು ಬಳಸಬೇಡಿ.

ಪ್ರಶ್ನೆ: ನಾವು ಚೆನ್ನಾಗಿ ಕುದಿಸಿ ಆರಿಸಿ ಕುಡಿಯುತ್ತೇವೆ ಸರ್. ಸಾಲದಾ?

ಉತ್ತರ: ರೋಗಾಣುವಿಗೆ ಸಾಕು. ಗಡಸಿನಲ್ಲೂ ಒಂದು ಭಾಗ ಹೋಗುತ್ತದೆ. ಪಾತ್ರೆಯ ತಳದಲ್ಲಿ ಸುಣ್ಣದಂತೆ ಕೂರುತ್ತದಲ್ಲ, ಅದೇ. ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ಕುದಿಸುತ್ತಾ ಹೋದರೆ ನೀರು ಆವಿಯಾಗಿ ಅವು ಇನ್ನೂ ಗಟ್ಟಿಯಾಗುತ್ತವೆ.

ಪ್ರಶ್ನೆ: ಹಾಗಾದರೆ ಸಾಫ್ಟ್‌ನರ್ ಹಾಕಿಸಲಾ?

ಉತ್ತರ: ಸ್ನಾನ, ಗೀಸರ್, ವಾಷಿಂಗ್ ಮೆಷಿನ್‌ಗೆ ಹಾಕಿಸಿ, ಒಳ್ಳೆಯದು. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಹಾಗಾಗಿ ಬಿಪಿ ಇದ್ದವರು ಆ ನೀರು ಕುಡಿಯುವುದು ಬೇಡ, ಗಿಡಗಳಿಗೂ ಬೇಡ. ಆರ್‌ಒ ಬೇಕಾದರೆ ಅಡುಗೆಮನೆಗೊಂದು ಚಿಕ್ಕದು ಸಾಕು. ಒಂದು ಲೀಟರ್ ಶುದ್ಧ ಮಾಡಲು ಅದಕ್ಕಿಂತ ಜಾಸ್ತಿ ನೀರು ಹೊರಹಾಕುವ ಮಷಿನ್‌ಗಳೇ ಹೆಚ್ಚು. ಇಡೀ ಮನೆಗೆ ಹಾಕಿಸಿ ಇಷ್ಟು ನೀರು ಚೆಲ್ಲುವುದು ಈ ಊರಿನಲ್ಲಿ ಸರಿಯಲ್ಲ. ಹೊರಬಂದದ್ದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಿ. ಬೇಳೆಯನ್ನೂ ಕುಡಿಯುವ ನೀರಿನಲ್ಲೇ ನೆನೆಸಿ ಬೇಯಿಸಿ, ವ್ಯತ್ಯಾಸ ಆ ದಿನವೇ ಗೊತ್ತಾಗುತ್ತದೆ. ಕಟ್ಟಿಕೊಂಡ ಶವರ್‌ಗೆ ಬಿಸಿನೀರಿನಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ರಾತ್ರಿಯಿಡೀ ನೆನೆಹಾಕಿ.

ಪ್ರಶ್ನೆ: ಲ್ಯಾಬಿಗೆ ಕೊಡಲು ನೀರು ಹೇಗೆ ತರಬೇಕು ಸರ್?

ಉತ್ತರ: ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಬಾಟಲಿ ಕೊಡುತ್ತಾರೆ. ಅದನ್ನು ತೊಳೆಯಬೇಡಿ, ಒಳಗೆ ಕ್ಲೋರಿನ್ ತಡೆಯುವ ಪುಡಿ ಇರುತ್ತದೆ. ನಲ್ಲಿ ಎರಡು ನಿಮಿಷ ಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗದಂತೆ ಹಿಡಿದು, ಐಸ್ ಇಟ್ಟ ಚೀಲದಲ್ಲಿ ಅದೇ ದಿನ ತಲುಪಿಸಿ. ಉಳಿದವಕ್ಕೆ ಚೆನ್ನಾಗಿ ತೊಳೆದ ಕುಡಿಯುವ ನೀರಿನ ಬಾಟಲಿ ಆದೀತು. ಗಡಸು, ನೈಟ್ರೇಟ್, ಫ್ಲೋರೈಡ್, ಇ ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ), ಈ ನಾಲ್ಕನ್ನೂ ಹೆಸರು ಹೇಳಿ ಬರೆಸಿ. ಟ್ಯಾಂಕರ್ ಬಂದ ದಿನವೇ ತೆಗೆಯಿರಿ. ವರದಿ ಬಂದ ಮೇಲೆ ಇಲ್ಲೇ ಹಾಕಿ ಮೇಡಂ, ಒಂದೊಂದಾಗಿ ಓದಿ ಹೇಳುತ್ತೇನೆ.