ವಿಮರ್ಶೆಯ ಜೊತೆ ಸಿನಿಮಾ ಪೋಸ್ಟರ್ ಹಾಕುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮಸ್ಕಾರ. ಮಲೆನಾಡಿನಲ್ಲಿ ಚಿತ್ರೀಕರಣಗೊಂಡ ಕನ್ನಡ ಸಿನಿಮಾಗಳ ಬಗ್ಗೆ ನಾನು ಎರಡು ವರ್ಷಗಳಿಂದ ಅಂತರಜಾಲದಲ್ಲಿ ಬರೆಯುತ್ತಿದ್ದೇನೆ. ಪ್ರತಿ ಲೇಖನಕ್ಕೂ ಆ ಚಿತ್ರದ ಪೋಸ್ಟರ್ ಹಾಕಿ, ಕೆಳಗೆ ‘ಕೃಪೆ: ಅಂತರಜಾಲ’ ಎಂದು ಬರೆಯುವುದು ನನ್ನ ರೂಢಿ. ಕಳೆದ ವಾರ ದೂರು ಬಂದಿದೆಯೆಂದು ಹೇಳಿ ಜಾಲತಾಣದವರು ಒಂದು ಪೋಸ್ಟರನ್ನು ತೆಗೆದುಹಾಕಿದರು. ಇದರಿಂದ ನನಗೆ ಒಂದು ರೂಪಾಯಿಯ ಗಳಿಕೆಯೂ ಇಲ್ಲ. ಎಲ್ಲರೂ ನೋಡಲೆಂದೇ ಗೋಡೆಗೆ ಅಂಟಿಸುವ ಪೋಸ್ಟರಿಗೆ ಇಂತಹ ನಿರ್ಬಂಧ ಇದೆಯೇ? ಗೋಡೆಯ ಮೇಲಿನ ಪೋಸ್ಟರನ್ನು ನಾನೇ ಫೋಟೋ ತೆಗೆದು ಹಾಕಿದರೆ ತೊಂದರೆ ತಪ್ಪುತ್ತದೆಯೇ?

ಉತ್ತರ 1 (ಶಿವಮೊಗ್ಗದಿಂದ)

ನಾನು ವಕೀಲಿ ಮಾಡುವವನು. ಅಂತರಜಾಲದಲ್ಲಿ ಪದೇ ಪದೇ ಕಾಣುವ ‘ಫೇರ್ ಯೂಸ್’ (ಅನುಮತಿಯಿಲ್ಲದೆಯೂ ಮಾಡಬಹುದಾದ ನ್ಯಾಯೋಚಿತ ಬಳಕೆ) ಅಮೆರಿಕದ ಕಾನೂನಿನದು. ಅಲ್ಲಿ ನ್ಯಾಯಾಲಯವು ಬಳಕೆಯ ಉದ್ದೇಶ, ಕೃತಿಯ ಸ್ವರೂಪ, ಬಳಸಿದ ಪ್ರಮಾಣ, ಮಾರುಕಟ್ಟೆಯ ಮೇಲಾಗುವ ಪರಿಣಾಮ ಎಂಬ ನಾಲ್ಕು ಅಂಶಗಳನ್ನು ತೂಗಿ ನೋಡುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿರುವುದು ‘ಫೇರ್ ಡೀಲಿಂಗ್’. ಅದು ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಎಂಬ ಗೊತ್ತಾದ ಉದ್ದೇಶಗಳಿಗೆ ಮಾತ್ರ ಸಲ್ಲುತ್ತದೆ. ವಿಮರ್ಶೆಯು ಆ ಪೋಸ್ಟರಿನದೇ ಆಗಿರಬೇಕೆಂದಿಲ್ಲ. ಬೇರೆ ಕೃತಿಯ ವಿಮರ್ಶೆಗಾಗಿಯೂ ಬಳಸಬಹುದೆಂದು ಕಾಯ್ದೆಯೇ ಹೇಳುತ್ತದೆ. ಆದುದರಿಂದ ಸಿನಿಮಾವನ್ನು ನಿಜವಾಗಿ ಚರ್ಚಿಸುವ ಲೇಖನದ ಪಕ್ಕದಲ್ಲಿ ಸಣ್ಣ ಗಾತ್ರದ ಪೋಸ್ಟರ್ ಇದ್ದರೆ ನಿಮ್ಮ ವಾದಕ್ಕೆ ಬಲವಿದೆ. ಪೋಸ್ಟರುಗಳನ್ನು ಬರಿದೇ ಸಾಲಾಗಿ ಜೋಡಿಸಿಟ್ಟ ಪುಟಕ್ಕೆ ಆ ಬಲ ಇರುವುದಿಲ್ಲ.

ಗಳಿಕೆ ಇಲ್ಲದಿರುವುದು ನಿಮ್ಮ ಪರವಾದ ಅಂಶವೇ ಹೌದಾದರೂ, ಅದೊಂದೇ ಸಾಲದು. ‘ಕೃಪೆ: ಅಂತರಜಾಲ’ ಎಂಬುದಂತೂ ಯಾರ ಅನುಮತಿಯೂ ಅಲ್ಲ, ಯಾರಿಗೂ ಸಲ್ಲಿಸಿದ ಗೌರವವೂ ಅಲ್ಲ. ಗೋಡೆಯ ಪೋಸ್ಟರನ್ನು ನೀವೇ ಫೋಟೋ ತೆಗೆದರೂ ಅದರೊಳಗಿನ ಚಿತ್ರದ ಹಕ್ಕು ನಿಮ್ಮದಾಗುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪಗಳಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಯು ಒಂದು ಮಳೆಗೆ ಕಳಚಿ ಬೀಳುವ ಪೋಸ್ಟರಿಗೆ ಅನ್ವಯಿಸದು.

ಉತ್ತರ 2 (ಸಾಗರದಿಂದ)

ಗಾತ್ರದ ಬಗ್ಗೆ ಒಂದು ಮಾತು. 2006ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಸಂಗೀತ ತಂಡವೊಂದರ ಚರಿತ್ರೆಯ ಪುಸ್ತಕದಲ್ಲಿ ಹಳೆಯ ಕಛೇರಿಗಳ ಪೋಸ್ಟರುಗಳನ್ನು ಚಿಕ್ಕದಾಗಿ ಮುದ್ರಿಸಿದ್ದನ್ನು ನ್ಯಾಯೋಚಿತ ಬಳಕೆಯೆಂದು ಒಪ್ಪಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅಲ್ಲಿನ ತರ್ಕ ನನಗೆ ಸರಿಯೆನಿಸುತ್ತದೆ, ಏಕೆಂದರೆ ಅಂಗೈಯಗಲದ ಚಿತ್ರವನ್ನು ನೋಡಿ ಯಾರೂ ಮೂಲ ಪೋಸ್ಟರನ್ನು ಕೊಳ್ಳದೆ ಬಿಡುವುದಿಲ್ಲ. ನನಗಿರುವ ದುಃಖ ಬೇರೆ. ಕೈಯಿಂದ ಪೋಸ್ಟರ್ ಬರೆಯುತ್ತಿದ್ದ ಕಲಾವಿದರ ಹೆಸರನ್ನು ನಾವು ಯಾರೂ ನಮೂದಿಸುತ್ತಿಲ್ಲ. ಕಾಯ್ದೆಯ 57ನೇ ಕಲಮು, ಹಕ್ಕನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೂ ಇದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕನ್ನು ಕಲಾವಿದನಿಗೆ ಉಳಿಸಿದೆ. ಪೋಸ್ಟರಿನ ಮೂಲೆಯಲ್ಲಿ ಸಹಿ ಕಂಡರೆ ಅದನ್ನು ದಯವಿಟ್ಟು ಕತ್ತರಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 1960ರಲ್ಲಿ ಬಿಡುಗಡೆಯಾದ ಚಿತ್ರವಾದರೆ ಹೇಗೆ?

ಉತ್ತರ 1 (ಶಿವಮೊಗ್ಗದಿಂದ)

ಚಲನಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹಾಗಾಗಿ ಆ ಚಿತ್ರದ ಹಕ್ಕು 2020ರ ಕೊನೆಗೆ ಮುಗಿದಿದೆ. ಪೋಸ್ಟರಿನ ಲೆಕ್ಕ ಬೇರೆ: ಅದು ಕಲಾಕೃತಿಯಾದುದರಿಂದ ಕಲಾವಿದ ತೀರಿಕೊಂಡ ಮೇಲೆ 60 ವರ್ಷ, ಹೆಸರಿಲ್ಲದೆ ಪ್ರಕಟವಾಗಿದ್ದರೆ ಪ್ರಕಟಣೆಯಿಂದ 60 ವರ್ಷ. ತೆಗೆದುಹಾಕಿದ ಚಿತ್ರದ ಬಗ್ಗೆ ಹೇಳುವುದಾದರೆ, ದೂರು ಕೊಟ್ಟವರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಂದುಕೊಡದಿದ್ದರೆ ಜಾಲತಾಣದವರು ಅದನ್ನು ಮತ್ತೆ ಹಾಕಬಹುದು. ನಿಮ್ಮ ಲೇಖನ ವಿಮರ್ಶೆಯೆಂದು ವಿವರಿಸಿ ಅವರಿಗೆ ಈಗಲೇ ಬರೆಯಿರಿ.